ದೂರ, ಕಾಲ ಮತ್ತು ತೊಪ್ಪೂರು ಘಟ್ಟ



ಸೇಲಂನಿಂದ ಧರ್ಮಪುರಿಗೆ ಹೆದ್ದಾರಿಯಲ್ಲಿ ಸುಮಾರು 65 ಕಿಲೋಮೀಟರ್ ದೂರ. ಗಂಟೆಗೆ 60 ಕಿಲೋಮೀಟರ್ ಸಮವೇಗದಲ್ಲಿ ಸಾಗಿದರೆ 1 ಗಂಟೆ 5 ನಿಮಿಷವೆಂಬುದು ಪಠ್ಯಪುಸ್ತಕದ ಲೆಕ್ಕ. ಆ ಮಾರ್ಗದಲ್ಲಿ ಬಸ್ಸಿನಲ್ಲಿ ಪಯಣಿಸಿದ ವಿದ್ಯಾರ್ಥಿ ಇದನ್ನು ಒಪ್ಪಲಾರನು. ಓಮಲೂರಿನಲ್ಲಿ ಬಸ್ಸು ನಿಲ್ಲುತ್ತದೆ. ತೊಪ್ಪೂರು ಘಟ್ಟದಲ್ಲಿ ಲಾರಿಗಳ ಹಿಂದೆ ನಿಧಾನವಾಗುತ್ತದೆ. ಅವನ ಈ ಸಂಶಯವೇ ಸರಾಸರಿ ವೇಗದ ಪಾಠಕ್ಕೆ ಪೀಠಿಕೆಯಾಗಲಿ. ಪ್ರಯಾಣಕ್ಕೆ 1 ಗಂಟೆ 40 ನಿಮಿಷ ಹಿಡಿಯಿತೆಂದಿಟ್ಟುಕೊಂಡರೆ, ಸರಾಸರಿ ವೇಗ ಗಂಟೆಗೆ 39 ಕಿಲೋಮೀಟರ್.

ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಪಡೆದ ದೂರವೂ ಪ್ರಯಾಣದ ದೂರವಲ್ಲ. ದಕ್ಷಿಣ ಅಮೆರಿಕದಲ್ಲಿ ಚಿಲಿಯ ಸ್ಯಾಂಟಿಯಾಗೊ, ಅರ್ಜೆಂಟೀನಾದ ಮೆಂಡೋಜಾ ನಗರಗಳ ನಡುವೆ ಆಂಡೀಸ್ ಪರ್ವತಶ್ರೇಣಿಯಿದೆ. ಅಲ್ಲಿ ರಸ್ತೆಯ ದೂರ ನೇರ ದೂರದ ಸುಮಾರು ಇಮ್ಮಡಿ. ಹಿರಿಯರು ದೂರವನ್ನು ಹರದಾರಿಗಳಲ್ಲಿ ಎಣಿಸಿದಂತೆಯೇ ‘ಅರ್ಧ ದಿನದ ದಾರಿ’ ಎಂದೂ ಹೇಳುತ್ತಿದ್ದುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಮನೆಮಾತಿನ ಇಂತಹ ನುಡಿಗಳನ್ನು ಮಕ್ಕಳಿಂದಲೇ ಸಂಗ್ರಹಿಸಬೇಕು.

ಈ ಪಾಠಕ್ಕೆ ಇನ್ನೊಂದು ಪ್ರಯೋಜನವಿದೆ. ಧರ್ಮಪುರಿಯಿಂದ ಸೇಲಂ ಕಡೆಗೆ ಬರುವಾಗ ತೊಪ್ಪೂರಿನ ಇಳಿಜಾರು ಅಪಘಾತಗಳಿಗೆ ಕುಖ್ಯಾತ. ಲೆಕ್ಕಕ್ಕಾಗಿ ಅದನ್ನು 6 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 6 ನಿಮಿಷ, 30ರ ವೇಗದಲ್ಲಿ 12 ನಿಮಿಷ. ಅವಸರದಿಂದ ಉಳಿಯುವುದು ಕೇವಲ 6 ನಿಮಿಷ. ಅದಕ್ಕಾಗಿ ಪಣಕ್ಕೊಡ್ಡುವುದು ಪ್ರಾಣವನ್ನು. ಈ ವ್ಯವಕಲನವನ್ನು ವಿದ್ಯಾರ್ಥಿಗಳು ಸ್ವತಃ ಮಾಡಲಿ. ಮನೆಯಲ್ಲಿ ವಾಹನ ಚಲಾಯಿಸುವವರಿಗೂ ತಿಳಿಸಲಿ.