ಸುರಂಗದ ಬಾಯಲ್ಲಿ ಕಲಿತ ಪಾಠ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಡಿಸೆಂಬರಿನಲ್ಲಿ ನಾವು ಎಂಟನೆಯ ತರಗತಿಯ ಮಕ್ಕಳನ್ನು ಪಾಠದ ವೇಳೆಯಲ್ಲಿ ಗುಡ್ಡದ ತೋಟವೊಂದಕ್ಕೆ ಕರೆದೊಯ್ದುದು ಕೆಲವು ರಕ್ಷಕರಿಗೆ ರುಚಿಸಲಿಲ್ಲವೆಂಬುದು ನಮ್ಮ ಕಿವಿಗೆ ಬಿದ್ದಿದೆ. ಅಕ್ಷರ ಕಲಿಯಲೆಂದು ಕಳುಹಿಸಿದ ಮಕ್ಕಳಿಗೆ ತೋಟದಲ್ಲೇನು ಕೆಲಸವೆಂಬ ಪ್ರಶ್ನೆ ಅನ್ಯಾಯದ್ದಲ್ಲ. ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಮಾರ್ಚ್ ಕಳೆಯುವುದರೊಳಗೆ ಅಡಿಕೆ ತೋಟಗಳು ಬಾಯಾರುತ್ತವೆ. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ಕಡಲು ಸೇರುವುದೇ ಇದಕ್ಕೆ ಮುಖ್ಯ ಕಾರಣ. ಮುರಕಲ್ಲಿನೊಳಗೆ ಇಂಗಿದ ಭಾಗವನ್ನಾದರೂ ಹಿಡಿಯಲೆಂದು ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿದರು. ಆಳೆತ್ತರದ, ಒಬ್ಬನೇ ನುಸುಳುವಷ್ಟು ಅಗಲದ ಮಾರ್ಗ. ಹೊರಮುಖವಾಗಿ ಕೊಂಚ ಇಳುಕಲು. ಪಂಪು ಬೇಡ, ವಿದ್ಯುತ್ತು ಬೇಡ, ನೀರು ತಾನಾಗಿ ಹರಿದು ಕೆರೆ ಸೇರುತ್ತದೆ. ಕೊಳವೆಬಾವಿಗಳು ಬಂದ ಮೇಲೆ ಸುರಂಗ ತೋಡುವವರು ವಿರಳರಾದರು. ಅವರೊಡನೆ ಅವರ ಅರಿವೂ ಮರೆಯಾಗುತ್ತಿದೆ.

ಮಕ್ಕಳನ್ನು ಸುರಂಗದ ಹೊರಗೆಯೇ ಕೂರಿಸಿದೆವು. ಒಳಗೆ ಒಬ್ಬರನ್ನೂ ಬಿಡಲಿಲ್ಲ. ಈ ಕೆಲಸದಲ್ಲಿ ಪಳಗಿದ ವೃದ್ಧರೊಬ್ಬರು ಪಾಠ ಹೇಳಿದರು. ಅಗೆಯುವವನೊಬ್ಬ, ಮಣ್ಣು ಸಾಗಿಸುವವನೊಬ್ಬ. ಒಬ್ಬನು ತಡೆದರೆ ಇನ್ನೊಬ್ಬನ ಕೈ ಕಟ್ಟಿದಂತೆ. ಒಳಗೆ ಉರಿಯುವ ಮೇಣದ ಬತ್ತಿ ಮಂಕಾದರೆ ಒಡನೆ ಹೊರಬರಬೇಕು. ದಹನಕ್ಕೆ ಆಮ್ಲಜನಕ ಅವಶ್ಯವೆಂದು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇವೆ! ಆ ವಾಕ್ಯವನ್ನು ನಂಬಿ ಮನುಷ್ಯರು ಪ್ರಾಣ ಉಳಿಸಿಕೊಂಡಿದ್ದಾರೆಂಬುದು ನಮಗೆ ಹೊಳೆದದ್ದು ಅಂದೇ.

ಮಕ್ಕಳೂ ಬರಿಗೈಯಲ್ಲಿ ಹೋಗಿರಲಿಲ್ಲ. ಹತ್ತು ಲೀಟರಿನ ಬಕೆಟ್ಟು ತುಂಬಲು 40 ಸೆಕೆಂಡು ಹಿಡಿಯಿತು. ದಿನಕ್ಕೆ 21,600 ಲೀಟರೆಂದು ಲೆಕ್ಕ ಬಂತು. ಮರವೊಂದಕ್ಕೆ 20 ಲೀಟರೆಂದಿಟ್ಟುಕೊಂಡರೆ 1,080 ಮರಗಳಿಗೆ ಸಾಕೆಂದು ಹುಡುಗನೊಬ್ಬ ಘೋಷಿಸಿದ. ಮಜ್ಜಿಗೆ ತಂದಿದ್ದ ಮನೆಯೊಡತಿ ನಕ್ಕು, "ಮನೆಯವರಿಗೂ ದನಗಳಿಗೂ ನೀರು ಬೇಡವೇ ಮಕ್ಕಳೇ?" ಎಂದರು. ಲೆಕ್ಕ ಮತ್ತೆ ಮೊದಲಿಂದ! ತಮ್ಮ ನೀರಿಗೊಂದು ಅಂಕಿಯಿದೆಯೆಂಬುದನ್ನು ಯಜಮಾನರು ಕಂಡದ್ದೂ ಅಂದೇ. ಸೋರುತ್ತಿದ್ದ ಅಡಿಕೆ ದಂಬೆಯನ್ನು ಮರುವಾರವೇ ಬದಲಿಸಿದರು.

ನೆರೆಯ ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಏಕಾಂಗಿಯಾಗಿ ಸುರಂಗಗಳನ್ನು ತೋಡಿ, ಹಲವು ಬಾರಿ ವಿಫಲರಾಗಿ, ಕೊನೆಗೆ ನೀರು ಕಂಡು ಗುಡ್ಡವನ್ನು ತೋಟವಾಗಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂಥ ಛಲ ಎಲ್ಲರಿಗೂ ಬರುವಂಥದಲ್ಲ. ನಮಗೆ ಜೊತೆಗಾರರು ಬೇಕು. ನಾಳೆ ಈ ಮಕ್ಕಳು ಮಂಗಳೂರಿನ ಕಾರ್ಖಾನೆಗೋ ಕೊಲ್ಲಿ ರಾಷ್ಟ್ರದ ಕಚೇರಿಗೋ ಹೋಗಬಹುದು. ಅಲ್ಲಿಯೂ ನೀರು, ವಿದ್ಯುತ್ತು, ಸಾಮಗ್ರಿಗಳು ವ್ಯಯವಾಗುತ್ತವೆ. ಎಷ್ಟು ಸೋರುತ್ತಿದೆಯೆಂದು ಅಳೆಯುವ, ಮಜ್ಜಿಗೆ ತಂದವರ ಮಾತನ್ನೂ ಕೇಳುವ ಅಭ್ಯಾಸ ಪರೀಕ್ಷೆಯ ಪುಸ್ತಕದಿಂದ ಬರುತ್ತದೆಂದು ನಮಗೆ ತೋರುವುದಿಲ್ಲ.

ನಮ್ಮದೊಂದು ಲೋಪವನ್ನೂ ಹೇಳಬೇಕು. ಅಳತೆ ತೆಗೆದದ್ದು ಒಂದೇ ದಿನ, ಅದೂ ಡಿಸೆಂಬರಿನಲ್ಲಿ. ಏಪ್ರಿಲಿನಲ್ಲಿ ಅದೇ ಬಕೆಟ್ಟು ತುಂಬಲು ಎಷ್ಟು ಹೊತ್ತು ಬೇಕೆಂಬುದನ್ನು ನೋಡದೆ 1,080 ಮರಗಳ ಮಾತಿಗೆ ಅರ್ಥವಿಲ್ಲ. ಆಗ ಶಾಲೆಗೆ ರಜೆ. ತಿಂಗಳಿಗೊಂದು ಭಾನುವಾರ ಮಕ್ಕಳೊಡನೆ ಬರಲೊಪ್ಪುವ ರಕ್ಷಕರು ಸಭೆ ಮುಗಿದ ಬಳಿಕ ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ಗಡಿಯಾರ ಶಾಲೆಯದು, ಬಕೆಟ್ಟು ಮಾತ್ರ ತಾವು ತರತಕ್ಕದ್ದು.