ಆಕಾಶಮಾರ್ಗದ ದೂರ



ಶಿರಸಿಯಿಂದ ಯಲ್ಲಾಪುರಕ್ಕೆ ಎಷ್ಟು ದೂರ? ಬಸ್ಸಿನಲ್ಲಿ ಓಡಾಡುವವರು ಸುಮಾರು 50 ಕಿಲೋಮೀಟರ್ ಎನ್ನುತ್ತಾರೆ. ಹಕ್ಕಿಯನ್ನು ಕೇಳಿದರೆ 41 ಎಂದೀತು. ಇದನ್ನು ನೀವೇ ಲೆಕ್ಕ ಹಾಕಬಹುದು. ಯಲ್ಲಾಪುರವು ಶಿರಸಿಗಿಂತ ಸುಮಾರು 0.35 ಡಿಗ್ರಿ ಉತ್ತರಕ್ಕೂ 0.12 ಡಿಗ್ರಿ ಪಶ್ಚಿಮಕ್ಕೂ ಇದೆ. ಅಕ್ಷಾಂಶದ ಒಂದು ಡಿಗ್ರಿಗೆ ಹೆಚ್ಚುಕಡಿಮೆ 111 ಕಿ.ಮೀ.; ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಡಿಗ್ರಿಗೆ 108 ಕಿ.ಮೀ. ಅಂದರೆ ಉತ್ತರಕ್ಕೆ 39, ಪಶ್ಚಿಮಕ್ಕೆ 13. ಉಳಿದದ್ದನ್ನು ಪೈಥಾಗೊರಸನ ಪ್ರಮೇಯ ನೋಡಿಕೊಳ್ಳುತ್ತದೆ.

ನೆಲದ ದೂರವಾದರೋ ಗುಡ್ಡ, ಹೊಳೆಗಳ ಮರ್ಜಿಯದು. ಸಿದ್ದಾಪುರದಿಂದ ದೊಡ್ಮನೆಯ ಮೇಲೆ ಕುಮಟೆಗೆ ಘಟ್ಟ ಇಳಿದವರಿಗೆ ಇದರ ಅನುಭವವುಂಟು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು. ಆಚೆ ದಡ ಮೊದಲಿನಂತೆ ಕೂಗಳತೆಯಲ್ಲೇ ಇತ್ತು. ಆದರೆ ರೋಗಿಯನ್ನು ಜೀಪಿನಲ್ಲಿ ಸಾಗಿಸಬೇಕಾದವರಿಗೆ ಕೂಗಳತೆಯಿಂದ ಏನು ಪ್ರಯೋಜನ?

ಸೇತುವೆ ಹೋದ ಮೇಲಿನ ಈ ಸ್ಥಿತಿಯೇ ವರ್ಷವಿಡೀ ಇರುವ ಊರುಗಳೂ ಇವೆ. ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಲಾಂಗ್‌ಯಿಯರ್‌ಬೆನ್ ಎಂಬುದು ಮುಖ್ಯ ಪಟ್ಟಣ. ಅದರ ವಾಯವ್ಯಕ್ಕೆ ನ್ಯೂ-ಓಲೆಸುಂಡ್ ಎಂಬ ಪುಟ್ಟ ಊರು. ಅಲ್ಲಿರುವವರು ಬಹುಪಾಲು ಸಂಶೋಧಕರು. ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇರುವುದು ಅಲ್ಲಿಯೇ. ಎರಡೂ ಊರುಗಳ ನಡುವೆ ರಸ್ತೆಯೇ ಇಲ್ಲ. ಸಣ್ಣ ವಿಮಾನ, ಇಲ್ಲವೇ ಹಡಗನ್ನು ನೆಚ್ಚಬೇಕು.

ಈ ಊರುಗಳ ಅಂತರ ಅಕ್ಷಾಂಶದಲ್ಲಿ 0.7 ಡಿಗ್ರಿ, ರೇಖಾಂಶದಲ್ಲಿ 3.7 ಡಿಗ್ರಿ. ಶಿರಸಿಯ ಲೆಕ್ಕವನ್ನೇ ಅಲ್ಲಿಗೆ ಒಯ್ದರೆ ಉತ್ತರ 400 ಕಿ.ಮೀ. ದಾಟುತ್ತದೆ. ನಿಜವಾದ ದೂರ ಸುಮಾರು 113! ಧ್ರುವ ಹತ್ತಿರವಾದಂತೆ ರೇಖಾಂಶಗಳು ಕಿತ್ತಳೆಯ ತೊಳೆಗಳ ಹಾಗೆ ಕೂಡಿಕೊಳ್ಳುತ್ತವೆ. 111ನ್ನು ಆ ಸ್ಥಳದ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ ನೋಡಿ: ಅಲ್ಲಿ ಒಂದು ಡಿಗ್ರಿಗೆ ಬರುವುದು ಕೇವಲ 22 ಕಿ.ಮೀ.

ವಿಮಾನ ನಡೆಸುವವರಿಗೆ ಇದು ಪರೀಕ್ಷೆಯ ಅಂಕದ ಪ್ರಶ್ನೆಯಲ್ಲ. ಮಂಜು ಕವಿದು ಇಳಿಯಲಾಗದಿದ್ದರೆ ಬಂದ ದಾರಿಯಲ್ಲೇ ಮರಳಬೇಕು; ಅದಕ್ಕೂ ಇಂಧನವಿರಬೇಕು. ಹಾಗೆಂದು ಬೇಕಾಬಿಟ್ಟಿ ತುಂಬಿಸುವಂತಿಲ್ಲ. ಸಣ್ಣ ವಿಮಾನದಲ್ಲಿ ಇಂಧನದ ತೂಕ ಹೆಚ್ಚಿದಷ್ಟೂ ಜನರಿಗೆ, ಔಷಧಿಗೆ, ತರಕಾರಿಗೆ ಜಾಗ ಕಡಿಮೆ.

ಗ್ರೀನ್‌ಲ್ಯಾಂಡನ್ನು ಆಫ್ರಿಕಾದಷ್ಟು ದೊಡ್ಡದಾಗಿ ತೋರಿಸುವ ಗೋಡೆಯ ನಕ್ಷೆಗಳನ್ನು ನೀವು ನೋಡಿರಬಹುದು. ಸ್ಟುಡಿಯೋದಲ್ಲಿ ಅಂಥದನ್ನು ತೂಗುಹಾಕಲು ನಾನಂತೂ ಒಪ್ಪುವುದಿಲ್ಲ. ಶಾಲೆಯಲ್ಲಿ ಭೂಗೋಲವಿದ್ದರೆ ಒಂದು ದಾರ ತೆಗೆದುಕೊಂಡು ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಬಿಗಿಯಾಗಿ ಹಿಡಿಯಿರಿ. ಅದು ಪೆಸಿಫಿಕ್ ಸಾಗರವನ್ನು ಅಡ್ಡಹಾಯದೆ ಧ್ರುವದ ಕಡೆಗೆ ಸರಿಯುತ್ತದೆ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದಲೇ ಹಾದು ಬಂತು.