ಪಿ.ಜಿ. ಸೀಟು: ರ್‍ಯಾಂಕಿನಾಚೆಗೆ ಕೇಳಬೇಕಾದ ಪ್ರಶ್ನೆಗಳು

(ಹುಲಕೋಟಿಯಲ್ಲಿ ವೈದ್ಯಕೀಯ ಪದವೀಧರರು ಹಾಗೂ ಹೆತ್ತವರನ್ನುದ್ದೇಶಿಸಿ ಮಾಡಿದ ಭಾಷಣದ ಸಂಗ್ರಹ)



ನಾನಾ ಸಮುದಾಯದವರು ಕೂಡಿ ದುಡಿದರೆ ಸಂಸ್ಥೆ ಹೇಗೆ ಬೆಳೆಯುತ್ತದೆಂಬುದನ್ನು ಸಹಕಾರ ಚಳವಳಿಗೆ ಹೆಸರಾದ ಹುಲಕೋಟಿಗೆ ಯಾರೂ ವಿವರಿಸಬೇಕಾಗಿಲ್ಲ. ಆಸ್ಪತ್ರೆಗೂ ಅದೇ ಮಾತು ಅನ್ವಯಿಸುತ್ತದೆ.

ಹಿಂದೆ ಈ ಭಾಗದವರಿಗೆ ಸರಕಾರಿ ವೈದ್ಯಕೀಯ ಕಾಲೇಜೆಂದರೆ ಹುಬ್ಬಳ್ಳಿ. 2015ರಲ್ಲಿ ಗದಗಿನಲ್ಲೇ ಜಿಮ್ಸ್ ಆರಂಭವಾಯಿತು. ಆದರೆ ಎಂ.ಡಿ., ಎಂ.ಎಸ್. ವ್ಯಾಸಂಗದ ಮೂರು ವರ್ಷಗಳನ್ನು ಎಲ್ಲಿ ಕಳೆಯಬೇಕೆಂಬುದು ಬೇರೆಯೇ ಪ್ರಶ್ನೆ. ಸರಕಾರಿ ಕಾಲೇಜುಗಳ ಪಿ.ಜಿ. ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಸೇರಿವೆ. ರಾಜ್ಯದ ನಿವಾಸಿಯೆಂಬ ಕಾರಣಕ್ಕೆ ಪಿ.ಜಿ. ಸೀಟು ಮೀಸಲಿಡುವುದು ಸಂವಿಧಾನಬಾಹಿರವೆಂದು ಸುಪ್ರೀಮ್ ಕೋರ್ಟು 2025ರ ಜನವರಿ 29ರಂದು ತೀರ್ಪಿತ್ತಿತು. ಓದಿದ ಸಂಸ್ಥೆಯ ವಿದ್ಯಾರ್ಥಿಗಳಿಗೆ ಮಿತವಾದ ಆದ್ಯತೆ ನೀಡಲು ಮಾತ್ರ ಅವಕಾಶವಿತ್ತಿತು. ಅಂದರೆ ಊರು ಬಿಡುವ ಸಂದರ್ಭಗಳು ಹೆಚ್ಚಲಿವೆ.

ಆಗ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮಗನಾದರೆ ಯಾವ ವಿಭಾಗ ಎಂದು ಕೇಳುತ್ತೇವೆ. ಮಗಳಾದರೆ ಎಷ್ಟು ದೂರ ಎಂದು ಕೇಳಿ, ಪಟ್ಟಿಯಿಂದ ಅರ್ಧದಷ್ಟು ಕಾಲೇಜುಗಳನ್ನು ಅಳಿಸಿಬಿಡುತ್ತೇವೆ. ಪಟ್ಟಿಯಲ್ಲಿ ಬರೆಯದ ಕಾಲೇಜು ಎಷ್ಟು ಒಳ್ಳೆಯ ರ್‍ಯಾಂಕ್ ಬಂದರೂ ಸಿಗುವುದಿಲ್ಲ. ಹೆರಿಗೆ ತಜ್ಞೆಯಾಗಬಯಸಿದ ಹುಡುಗಿ ಹತ್ತಿರದ ಊರೆಂಬ ಒಂದೇ ಕಾರಣಕ್ಕೆ ಮನಸ್ಸಿಲ್ಲದ ವಿಭಾಗ ಸೇರುವುದು ಅನ್ಯಾಯವಲ್ಲವೇ?

ಹೆತ್ತವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಡಾ. ಪಾಯಲ್ ತಡ್ವಿ ತಡ್ವಿ ಭಿಲ್ ಎಂಬ ಆದಿವಾಸಿ ಮುಸ್ಲಿಮ್ ಸಮುದಾಯದವರು. ನಮ್ಮ ಗಡಿಯಾಚೆಗಿನ ಮಿರಜ್‌ನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಸೇರಿದ್ದರು. 2019ರ ಮೇ 22ರಂದು ಹಾಸ್ಟೆಲಿನ ಕೋಣೆಯಲ್ಲಿ ಪ್ರಾಣ ಕಳಕೊಂಡರು. ಹಿರಿಯ ವೈದ್ಯೆಯರು ಮೂವರ ಮೇಲೆ ಜಾತಿನಿಂದನೆ, ಕಿರುಕುಳದ ಆರೋಪ ಬಂದು ಬಂಧನವಾಯಿತು. ಮೊದಲೇ ದೂರಿದ್ದರೂ ಪ್ರಯೋಜನವಾಗಲಿಲ್ಲವೆಂದು ಕುಟುಂಬ ಹೇಳಿತು.

ಆದ್ದರಿಂದ ಕಿಲೋಮೀಟರನ್ನಲ್ಲ, ಕಾಲೇಜಿನ ವಾತಾವರಣವನ್ನು ಅಳೆಯಿರಿ. ಅಲ್ಲೇ ಓದುತ್ತಿರುವ ಪಿ.ಜಿ. ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ದಲಿತರು, ಆದಿವಾಸಿಗಳು, ಮುಸ್ಲಿಮರು ಆ ವಿಭಾಗದಲ್ಲಿ ಎಷ್ಟಿದ್ದಾರೆ? ಅಧ್ಯಾಪಕರಲ್ಲಿ ಇದ್ದಾರೆಯೇ? ಮಧ್ಯದಲ್ಲೇ ಸೀಟು ಬಿಟ್ಟವರು ಯಾರು, ಏಕೆ? ರ್‍ಯಾಗಿಂಗ್ ವಿರೋಧಿ ಸಮಿತಿಯು ಗೋಡೆಯ ಮೇಲಿನ ಫಲಕವೇ ಅಥವಾ ದೂರು ಕೇಳುತ್ತದೆಯೇ? ಸೀನಿಯರ್ ವಿರುದ್ಧ ದೂರು ಕೊಟ್ಟವರಿಗೆ ಆಪರೇಷನ್ ಕಲಿಯುವ ಅವಕಾಶ ತಪ್ಪುತ್ತದೆಯೇ? (ಈ ಕೊನೆಯ ಪ್ರಶ್ನೆಗೆ ಉತ್ತರ ಬರುವುದು ತಡವಾದರೆ, ಆ ಮೌನವೂ ಉತ್ತರವೇ.)

ಹಾಗೆಂದು ನಮ್ಮವರೇ ತುಂಬಿರುವ ಕಾಲೇಜನ್ನು ಹುಡುಕಿ ಅವಿತುಕೊಳ್ಳುವುದೂ ಸಲ್ಲದು. ಮುಂಡರಗಿಯ ತಾಂಡಾದಿಂದ ಬಂದ ತಾಯಿಗೂ ಬೆಟಗೇರಿಯ ನೇಕಾರನಿಗೂ ನೀವೇ ಚಿಕಿತ್ಸೆ ನೀಡಬೇಕು. ಅವರ ಮನೆಯ ಮಕ್ಕಳೊಡನೆ ರಾತ್ರಿಪಾಳಿ ಹಂಚಿಕೊಂಡವರಿಗೆ ಆ ಕೆಲಸ ಸುಲಭ.

ಪಟ್ಟಿ ತುಂಬುವ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಆಯ್ಕೆಯನ್ನು ಅವಳೇ ಬರೆಯಲಿ.